ಬ್ರಾಂಕಾ ಸಾಹೇಬನ ಸೂತಕ

ಯಾನ್ ಬ್ರಾಂಕಾ ಎಂಬ ಮನುಷ್ಯ ಸತ್ತು ಎಂಬತ್ತು ವರ್ಷದ ಮೇಲಾಯಿತು. ಅವನಿಗೂ ನಮಗೂ ರಕ್ತಸಂಬಂಧವಿಲ್ಲ, ಜಾತಿ ಸಂಬಂಧವಿಲ್ಲ, ದೇಶದ ಸಂಬಂಧ ಮೊದಲೇ ಇಲ್ಲ. ಆದರೂ ಇಚಲಕರಂಜಿಯ ನಮ್ಮ ಮನೆಯಲ್ಲಿ ಅವನ ಸೂತಕ ಮುಗಿಯುವ ಲಕ್ಷಣವೇ ಇರಲಿಲ್ಲ. ಊಟಕ್ಕೆ ಕೂತರೆ ಬ್ರಾಂಕಾ, ಕರೆಂಟ್ ಹೋದರೆ ಬ್ರಾಂಕಾ, ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಾಗಲೂ ಚಹಾ ಆರಿ ತಣ್ಣಗಾಗುವವರೆಗೆ ಬ್ರಾಂಕಾ. ಆ ಗಂಡಿನವರು ಮತ್ತೆ ಫೋನ್ ಮಾಡಲಿಲ್ಲ. ಅದರ ಬಗ್ಗೆ ನನಗೆ ಬೇಸರವಿಲ್ಲ. ಆದರೆ ಅದಕ್ಕೆ ಕಾರಣ ಬ್ರಾಂಕಾ ಆದನಲ್ಲ, ಅದಕ್ಕೆ ಈಗಲೂ ಸಿಟ್ಟು ಬರುತ್ತದೆ.

ಬ್ರಾಂಕಾ ಬುದ್ಧಿಬಳದ ಗ್ರ್ಯಾಂಡ್‌ಮಾಸ್ಟರ್. ಬುದ್ಧಿಬಳ ಅಂದರೆ ಚದುರಂಗವೇ; ಕೊಲ್ಲಾಪುರ ಜಿಲ್ಲೆಯ ಕನ್ನಡದವರು ನಾವು ಆಟಕ್ಕೆ ಮರಾಠಿ ಹೆಸರನ್ನೇ ಹಿಡಿದುಕೊಂಡಿದ್ದೇವೆ. ಎರಡು ಮಹಾಯುದ್ಧಗಳ ನಡುವಿನ ಇಪ್ಪತ್ತು ವರ್ಷ ಯುರೋಪಿನಲ್ಲಿ ಆಡಿ ಹೆಸರು ಮಾಡಿದವನು. ಅವನ ಕಥೆಯನ್ನು ನನ್ನ ಅಪ್ಪನ ತಲೆಗೆ ಹಾಕಿದವರು ಗಡಹಿಂಗ್ಲಜದ ಒಬ್ಬ ಡ್ರಿಲ್ ಮಾಸ್ತರರು. ಅಪ್ಪ ಅಂದರೆ ರಾಯಪ್ಪ. ಪವರ್‌ಲೂಮ್ ಜಾಬರ್, ಕೆಟ್ಟು ನಿಂತ ಮಗ್ಗವನ್ನು ಕಿವಿಗೊಟ್ಟು ಕೇಳಿ ರಿಪೇರಿ ಮಾಡುವ ಕೆಲಸ. ಹುಡುಗನಾಗಿದ್ದಾಗ ಗಡಹಿಂಗ್ಲಜದಲ್ಲಿ ಸೋದರಮಾವನ ಮನೆಯಲ್ಲಿದ್ದು ಒಂದೆರಡು ವರ್ಷ ಶಾಲೆಗೆ ಹೋಗಿದ್ದ. ಮಳೆ ಬಂದು ಮೈದಾನ ಕೆಸರಾದ ದಿನ ಡ್ರಿಲ್ ಮಾಸ್ತರರು ಹುಡುಗರನ್ನು ಒಳಗೆ ಕೂರಿಸಿ ಬುದ್ಧಿಬಳ ಕಲಿಸುತ್ತಿದ್ದರಂತೆ, ಜೊತೆಗೆ ಬ್ರಾಂಕಾನ ಕಥೆ. ಆ ಮಳೆಗಾಲದಲ್ಲಿ ಕಲಿತದ್ದನ್ನು ಅಪ್ಪ ಇವತ್ತಿನವರೆಗೂ ಬಿಟ್ಟಿಲ್ಲ. ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಅಂದ ಹಾಗೆ.

ಕಥೆ ಇಷ್ಟು. ಪೋಲೆಂಡಿನಲ್ಲಿ ಲೋಡ್ಜ್ ಅಂತ ಒಂದು ಮಗ್ಗದ ಊರು. ಅಲ್ಲಿ ನೇಕಾರನ ಮಗನಾಗಿ ಬ್ರಾಂಕಾ ಹುಟ್ಟಿದ. ತೊಟ್ಟಿಲು ಕಟ್ಟಿದ್ದು ಮಗ್ಗದ ಪಕ್ಕದಲ್ಲಿ, ಆಟ ಕಲಿತದ್ದು ಗಿರಣಿಯ ಎದುರಿನ ಚಹಾದಂಗಡಿಯಲ್ಲಿ. ಮೊದಲ ಯುದ್ಧ ಮುಗಿದ ಮೇಲೆ ಬರ್ಲಿನ್ನಿಗೆ ಹೋಗಿ ಅಲ್ಲಿನ ದೊಡ್ಡ ದೊಡ್ಡ ಕಾಫಿ ಅಂಗಡಿಗಳಲ್ಲಿ ಕೂತ ಮಹಾಮಹಿಮರನ್ನೆಲ್ಲ ಒಬ್ಬೊಬ್ಬರಾಗಿ ಸೋಲಿಸಿದ. ಆಮೇಲೆ ಒಂದಾದ ಮೇಲೊಂದು ಸ್ಪರ್ಧೆ. ಕೆಲವುಗಳಲ್ಲಿ ಮೊದಲನೆಯವ, ಹಲವುಗಳಲ್ಲಿ ಎರಡನೆಯವ. ಅವಸರದ ಆಟವಲ್ಲ ಅವನದು. ಎದುರಾಳಿಯ ಒಂದೊಂದೇ ದಾರಿ ಮುಚ್ಚುತ್ತ ಬಂದು ಕೊನೆಗೆ ಅವನಿಗೆ ಉಸಿರಾಡಲು ಮಾತ್ರ ಜಾಗ ಬಿಡುತ್ತಿದ್ದ. ಜಗತ್ತಿನ ಮೊದಲ ಐದಾರು ಜನರಲ್ಲಿ ಅವನನ್ನು ಎಣಿಸಲು ಶುರುಮಾಡಿದರು. ಕೊನೆಗೆ ವಿಶ್ವ ಚಾಂಪಿಯನ್‌ನ ಎದುರು ಕೂರುವವರು ಯಾರು ಅಂತ ನಿರ್ಧರಿಸುವ ಪಂದ್ಯ ಬಂತು. ಕೊನೆಯ ಆಟ ಗೆಲ್ಲಲೇಬೇಕು. ರತ್ನಗಂಬಳಿ ಹಾಸಿದ ಹಾಲ್, ಸೂಜಿ ಬಿದ್ದರೆ ಕೇಳುವಂಥ ಮೌನ. ಬ್ರಾಂಕಾ ಮೇಲುಗೈ ಪಡೆದಿದ್ದ. ಆದರೆ ವಿಚಾರ ಮಾಡುವಾಗ ಅವನ ಎರಡು ಬೆರಳು ಮೇಜಿನ ಅಂಚನ್ನು ಮಗ್ಗದ ಲಯದಲ್ಲಿ ಬಡಿಯುತ್ತಿದ್ದವು. ಎದುರಾಳಿ ದೂರು ಕೊಟ್ಟ. ಪಂಚ, ಅಂದರೆ ಸ್ಪರ್ಧೆಯ ತೀರ್ಪುಗಾರ, ಬಂದು ಬೆರಳು ನಿಲ್ಲಿಸು ಅಂದ. ಬ್ರಾಂಕಾ ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಸ್ವಲ್ಪ ಹೊತ್ತು ಕೂತ, ಎದುರಿನವನು ಡ್ರಾ ಕೇಳಿದ ತಕ್ಷಣ ಒಪ್ಪಿ ಎದ್ದುಹೋದ. ಅಲ್ಲಿಗೆ ಅವನ ಕಥೆ ಮುಗಿಯಿತು. ಆಮೇಲೆ ಎಳೆಯ ಹುಡುಗರಿಗೂ ಸೋಲುತ್ತ ಹೋದ. ಎರಡನೇ ಯುದ್ಧ ಬಂತು. ಎಲ್ಲಿ ಸತ್ತ, ಯಾರು ಮಣ್ಣು ಮಾಡಿದರು, ಯಾರಿಗೂ ಗೊತ್ತಿಲ್ಲ.

ನಾನು ಹುಡುಕಿ ನೋಡಿದ್ದೇನೆ. ಹುಟ್ಟಿದ ಊರು, ಗೆದ್ದ ನಾಲ್ಕಾರು ಸ್ಪರ್ಧೆ, ಆ ಡ್ರಾ ಆದ ಆಟ, ಇಷ್ಟೆಲ್ಲ ಸಿಗುತ್ತದೆ. ಬೆರಳು ಬಡಿದ ಸಂಗತಿ ಮಾತ್ರ ಎಲ್ಲಿಯೂ ಇಲ್ಲ. ಇದನ್ನು ಅಪ್ಪನಿಗೆ ಹೇಳಿದರೆ, "ನೆಟ್ಟಿನ್ಯಾಗ ಇಲ್ಲಂದ್ರ ಆಗಿಲ್ಲ ಅಂತೇನು? ನಿಮ್ಮಜ್ಜನ ಹೆಸರೂ ನೆಟ್ಟಿನ್ಯಾಗ ಇಲ್ಲ. ಅವ ಇರಲಿಲ್ಲೇನು?" ಅಂತ ನನ್ನನ್ನೇ ಕೇಳಿದ.

ಇದೆಲ್ಲ ಮನೆಯೊಳಗಿನ ತಮಾಷೆಯಾಗಿ ಉಳಿದಿದ್ದರೆ ನಾನು ಸುಮ್ಮನಿರುತ್ತಿದ್ದೆ. ಆದರೆ ನಾನು ಕೊಲ್ಲಾಪುರದಲ್ಲಿ ಬುದ್ಧಿಬಳದ ಕ್ಲಾಸ್ ನಡೆಸುತ್ತೇನೆ, ಸ್ಪರ್ಧೆಗಳಲ್ಲಿ ಪಂಚಳಾಗಿ ನಿಲ್ಲುತ್ತೇನೆ. ಅಪ್ಪನೂ ಆ ಸ್ಪರ್ಧೆಗಳಿಗೆ ಬರುತ್ತಾನೆ. ಅವನಿಗೆ ಒಂದೇ ಆಸೆ: ಆಟಗಾರರ ಜಾಗತಿಕ ಪಟ್ಟಿಯ ಅಂಕ, ಅಂದರೆ ರೇಟಿಂಗ್, ಸಿಗಬೇಕು, ಬ್ರಾಂಕಾನ ಹೆಸರಿದ್ದ ಆಟದ ಜಗತ್ತಿನಲ್ಲಿ ತನ್ನ ಹೆಸರೂ ಒಂದು ಮೂಲೆಯಲ್ಲಿ ಇರಬೇಕು. ಅದಕ್ಕೆ ರೇಟಿಂಗ್ ಇದ್ದ ಆಟಗಾರರ ಎದುರು ಅವನು ಆಡಿ, ಒಂದು ಡ್ರಾ ಆದರೂ ಮಾಡಬೇಕು. ಕಾರಖಾನೆಯ ಕಟ್ಟೆಯ ಮೇಲೆ ಕೂತರೆ ನನ್ನ ಒಳ್ಳೊಳ್ಳೆಯ ವಿದ್ಯಾರ್ಥಿಗಳನ್ನೇ ಸೋಲಿಸುವ ಮನುಷ್ಯ, ಸ್ಪರ್ಧೆಯ ಹಾಲ್‌ನಲ್ಲಿ ಕೂತ ಕೂಡಲೇ ಬೆವರುತ್ತಾನೆ, ಬಾಗಿಲ ಕಡೆ ನೋಡುತ್ತಾನೆ, ಎರಡು ಬೆರಳಿನಿಂದ ಮೇಜು ಬಡಿಯುತ್ತಾನೆ. ಎದುರಿನವರು ಕೈ ಎತ್ತಿ ನನ್ನನ್ನು ಕರೆಯುತ್ತಾರೆ. ನಾನು ಹೋಗಿ ಸ್ವಂತ ಅಪ್ಪನಿಗೆ ಎಚ್ಚರಿಕೆ ಕೊಡಬೇಕು. ಎರಡನೇ ಸಲ ಬಡಿದರೆ ಎದುರಾಳಿಗೆ ಸಮಯ ಹೆಚ್ಚಿಸಿ ಕೊಡಬೇಕು. ನಿಯಮ ನಿಯಮವೇ. ಅವನು ಸೋಲುತ್ತಾನೆ, ಬಸ್ಸಿನಲ್ಲಿ ವಾಪಸು ಬರುವಾಗ, "ಬ್ರಾಂಕಾ ಸಾಹೇಬಗೂ ಹಿಂಗ ಮಾಡಿದ್ರು" ಅನ್ನುತ್ತಾನೆ. ಆ ಪಂಚನದು ತಪ್ಪೇನೂ ಇರಲಿಲ್ಲ ಅಂತ ನಾನು ಬಾಯಿ ನೋಯುವಷ್ಟು ಸಲ ಹೇಳಿದ್ದೇನೆ.

ಈ ವರ್ಷ ಹೊಸ ಹುಚ್ಚು ಹಿಡಿಯಿತು. ಬ್ರಾಂಕಾ ಸ್ಮೃತಿ ರ‍್ಯಾಪಿಡ್ ಸ್ಪರ್ಧೆ ಮಾಡಬೇಕು, ಗಡಿಯಾರ ಇಟ್ಟು ಒಂದೇ ದಿನದಲ್ಲಿ ಐದು ಸುತ್ತು, ಅದೂ ನಮ್ಮ ಗಲ್ಲಿಯ ಸಮಾಜ ಮಂದಿರದಲ್ಲಿ.

"ಎರಡೂ ಮಗ್ಗಲಾ ಮಗ್ಗ ಅದಾವ" ಅಂದೆ. "ಅಲ್ಲಿ ಮಾತಾಡಿದ್ರ ಬಾಜೂದವರಿಗೆ ಕೇಳಂಗಿಲ್ಲ. ಬುದ್ಧಿಬಳ ಹೆಂಗ ಆಡ್ತಾರ?"

"ಅದಕ್ಕ ಅಲ್ಲೇ ಇಡು ಅನ್ನಾಕತ್ತೇನಿ. ಆ ಸಪ್ಪಳದಾಗ ಆಡಿದ್ರ ನಾ ಡ್ರಾ ಮಾಡ್ತೀನಿ, ನೋಡಾಕಿ ನೀ."

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ನಾನು ಕೊಲ್ಲಾಪುರದಲ್ಲಿ ಶಾಂತವಾದ ಹಾಲ್ ನೋಡಿಟ್ಟಿದ್ದೆ. ಅವನು ಅಷ್ಟರಲ್ಲಿ ಕಾಗಲ, ಮುರಗೂಡ, ಗಡಹಿಂಗ್ಲಜದ ಆಟಗಾರರಿಗೆಲ್ಲ ಫೋನ್ ಮಾಡಿ ಸಮಾಜ ಮಂದಿರದ ವಿಳಾಸ ಹೇಳಿ ಮುಗಿಸಿದ್ದ. ಹೊರಗಿನವರು ಬರುತ್ತಾರೆ, ನಾನು ಪಂಚಳು, ದೂರು ಬಂದರೆ ನನ್ನ ತಲೆಗೆ. ಆದ್ದರಿಂದ ಮಂದಿರಕ್ಕೆ ಅಂಟಿಕೊಂಡ ಕಾರಖಾನೆಯ ಮಾಲೀಕ ಹಣಮಂತಣ್ಣನ ಹತ್ತಿರ ಹೋಗಿ, ಶನಿವಾರ ಒಂದು ದಿನ ಆಟ ನಡೆಯುವಷ್ಟು ಹೊತ್ತು ಮಗ್ಗ ನಿಲ್ಲಿಸಿ ಅಂತ ಕೇಳಿಕೊಂಡೆ. ಹಣಮಂತಣ್ಣ ಅಪ್ಪನ ವಾರಿಗೆಯವನು, ನನ್ನನ್ನು ಎತ್ತಿ ಆಡಿಸಿದವನು.

"ಆಟಕ್ಕ ಮಗ್ಗ ನಿಲ್ಲಿಸ್ತಾರೇನ್ವಾ?" ಅಂದ. "ಗಣಪತಿ ಕೂತಾಗೂ ನಾವು ನಿಲ್ಲಿಸಿಲ್ಲ. ಮಗ್ಗ ನಿಂದ್ರೂದು ಮನಷಾ ಹೋದ್ರ ಅಷ್ಟ."

ಅದು ನಿಜ. ನಮ್ಮ ಗಲ್ಲಿಯಲ್ಲಿ ಯಾರಾದರೂ ತೀರಿಕೊಂಡರೆ ಯಾರೂ ಹೇಳದೆಯೇ ಮಗ್ಗಗಳು ನಿಲ್ಲುತ್ತವೆ. ಮಣ್ಣು ಮುಗಿಸಿ ಬಂದ ಮೇಲೆ ಸತ್ತವರ ಮನೆಯವರೇ ಒಬ್ಬರು ಕಾರಖಾನೆಗೆ ಬಂದು ಮೊದಲ ಮಗ್ಗದ ಹ್ಯಾಂಡಲ್ ಎಳೆಯಬೇಕು. ಅದು ಓಡಿದ ಮೇಲೆ ಉಳಿದವು ಓಡುತ್ತವೆ. ನಾನು ಹತ್ತನೇ ತರಗತಿಯಲ್ಲಿದ್ದಾಗ ನನ್ನ ಅಣ್ಣ ರಾಜಕುಮಾರ ಕಾಗಲದ ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದು ಹೋದ. ಆ ದಿನ ಸ್ಮಶಾನದಿಂದ ಬಂದ ಅಪ್ಪ ಹಸಿ ಬಟ್ಟೆಯಲ್ಲೇ ಹೋಗಿ ಹ್ಯಾಂಡಲ್ ಎಳೆದಿದ್ದ.

ಹಣಮಂತಣ್ಣ ಒಪ್ಪಲಿಲ್ಲ. ಆಟಗಾರರಿಗೆ ಹಂಚಲು ನಾನು ಕೊಲ್ಲಾಪುರದಿಂದ ಒಂದು ಚೀಲ ಹತ್ತಿ ತೆಗೆದುಕೊಂಡು ಹೊರಟೆ, ಕಿವಿಗೆ ಇಟ್ಟುಕೊಳ್ಳಲಿ ಅಂತ.

ಶನಿವಾರ ಬೆಳಿಗ್ಗೆ ಬಸ್ಸಿಳಿದು ಗಲ್ಲಿಗೆ ಕಾಲಿಟ್ಟರೆ ಒಂದು ಸಪ್ಪಳವೂ ಇಲ್ಲ. ಕರೆಂಟ್ ಹೋಗಿರಬೇಕು ಅಂದುಕೊಂಡೆ. ಚಹಾದಂಗಡಿಯಲ್ಲಿ ಫ್ಯಾನ್ ತಿರುಗುತ್ತಿತ್ತು. ಆಮೇಲೆ ತಲೆ ಎತ್ತಿದೆ. ಗಲ್ಲಿಯ ಬಾಯಿಗೆ ಅಡ್ಡಲಾಗಿ ಆಳೆತ್ತರದ ಫ್ಲೆಕ್ಸ್. ನಡುವೆ ಕೋಟು ತೊಟ್ಟ, ದಪ್ಪ ಮೀಸೆಯ ಬ್ರಾಂಕಾನ ಕಪ್ಪು ಬಿಳುಪು ಫೋಟೋ. ಎರಡೂ ಕಡೆ ಉರಿಯುವ ಸಮಯಿ ದೀಪ. ಮೇಲೆ ಮರಾಠಿಯಲ್ಲಿ 'ಭಾವಪೂರ್ಣ ಶ್ರದ್ಧಾಂಜಲಿ'. ಕೆಳಗೆ 'ದುಃಖದ ನಿಧನ' ಅಂತ ಬರೆದು ಅದರ ಮುಂದೆ ಇವತ್ತಿನ ತಾರೀಖು. ಅದರ ಕೆಳಗೆ 'ಶೋಕಾಕುಲ: ರಾಯಪ್ಪ ಮತ್ತು ಸಮಸ್ತ ಪರಿವಾರ'. ಸ್ಪರ್ಧೆ ಎಂಬ ಶಬ್ದ ಹುಡುಕಿದರೂ ಇಲ್ಲ.

ಫ್ಲೆಕ್ಸ್ ಮಾಡುವ ತುಷಾರನಿಗೆ ಅಲ್ಲಿಂದಲೇ ಫೋನ್ ಮಾಡಿದೆ.

"ತಾಈ, ಕಾಕಾ ಫೋಟೋ ಕೊಟ್ಟು ಸ್ಮೃತಿ ಅಂದ್ರು, ತಾರೀಖ ಕೊಟ್ರು" ಅಂದ ಅವನು. "ನನ್ನ ಹತ್ರ ಎರಡ ನಮೂನಿ ಅದಾವ. ಒಂದು ವಾಢದಿವಸದ್ದು, ಹುಟ್ಟಹಬ್ಬಕ್ಕ ಹಾಕ್ತಾರಲ್ಲ, ಅದು; ಒಂದು ಶ್ರದ್ಧಾಂಜಲೀದು. ಫೋಟೋ ನೋಡಿದ್ರ ವಾಢದಿವಸದ್ದು ಅನ್ನಸ್ಲಿಲ್ಲ."

"ಆಟದ ಸುದ್ದಿ ಎಲ್ಲಿ ಹೋತು?"

"ಬುದ್ಧಿಬಳ ಸ್ಪರ್ಧಾ ಅಂತ ಇತ್ರಿ. ಸತ್ತ ಮನ್ಯಾಗ ಆಟ ಎದಕ್ಕ ಅಂತ ನಾನ ತಗದೆ."

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ. ಅಪ್ಪನಿಗಾದರೂ ಬುದ್ಧಿ ಬೇಡವೇ, ಕಟ್ಟುವಾಗ ನೋಡಲಿಲ್ಲವೇ ಅಂತ ಕುದಿಯುತ್ತ ಮನೆಗೆ ಹೋದರೆ ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಒಳಗೆ ಗಲ್ಲಿಯ ಹೆಂಗಸರು ಅವ್ವನನ್ನು ನಡುವೆ ಕೂರಿಸಿಕೊಂಡಿದ್ದಾರೆ. ಪಕ್ಕದ ಮನೆಯ ತಂಗೆವ್ವ ಕಡಲೆಹಿಟ್ಟಿನ ಪಿಠಲಾ ಮತ್ತು ಅನ್ನದ ಪಾತ್ರೆ ಹಿಡಿದು ಬಂದಿದ್ದಾಳೆ. ಸಾವಿನ ಮನೆಯಲ್ಲಿ ಒಲೆ ಹಚ್ಚಬಾರದಲ್ಲ, ಅದಕ್ಕೆ. ನನ್ನ ಅವ್ವ ಚೆನ್ನವ್ವ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ ಅಳುತ್ತಿದ್ದಾಳೆ.

"ನೀ ಯಾಕ ಅಳಾಕತ್ತಿ?" ಅಂತ ಕಿವಿಯಲ್ಲಿ ಕೇಳಿದೆ. "ಯಾರೂ ಸತ್ತಿಲ್ಲಂತ ನಿನಗ ಗೊತ್ತೈತೆಲ್ಲ."

"ಗೊತ್ತೈತಿ. ಆದ್ರ ಮಗ್ಗ ನಿಂತೂ ನೋಡು, ರಾಜೂ ನೆನಪಾದ" ಅಂದಳು ಅವ್ವ.

ತಂಗೆವ್ವ ನನ್ನ ಕೈ ಹಿಡಿದು, "ಮಣ್ಣ ಎಷ್ಟಕ್ಕ ಐತಿ? ಹೊರಗಿನ ಊರಿಂದ ತರಬೇಕಂತಲ್ಲ, ಭಾಳ ದೂರೇನು?" ಅಂದಳು.

"ಭಾಳ ದೂರ ಐತಿ" ಅಂದೆ.

ಅಪ್ಪ ಸಮಾಜ ಮಂದಿರದ ಮೆಟ್ಟಿಲ ಮೇಲೆ ಕುಸಿದು ಕೂತಿದ್ದ. ಹಣಮಂತಣ್ಣ ಅವನ ಹೆಗಲ ಮೇಲೆ ಕೈಯಿಟ್ಟು ಸಮಾಧಾನ ಮಾಡುತ್ತಿದ್ದ. "ಮಗ್ಗ ಚಾಲೂ ಮಾಡೋ ಹಣಮ್ಯಾ, ನಿನ್ನ ಕಾಲ ಬೀಳ್ತೀನಿ" ಅಂತ ಅಪ್ಪ ಅನ್ನುತ್ತಿದ್ದ, "ಹಂಗೆಲ್ಲ ಅನಬಾರದು ರಾಯಪ್ಪಾ, ಗಟ್ಟಿ ಆಗಬೇಕು" ಅಂತ ಅವನು ಅನ್ನುತ್ತಿದ್ದ. ಕಣ್ಣಲ್ಲಿ ನೀರು ತುಂಬಿಕೊಂಡು, ಯಾರೂ ಸತ್ತಿಲ್ಲ ಅಂತ ಗೋಗರೆಯುವವನನ್ನು ಯಾರು ನಂಬುತ್ತಾರೆ. ದುಃಖದಲ್ಲಿ ತಲೆ ಕೆಟ್ಟಿದೆ ಅಂದುಕೊಳ್ಳುತ್ತಾರೆ.

ನಾನು ಆಗಲೇ ನಿಜ ಹೇಳಬಹುದಿತ್ತು. ಹೇಳಲಿಲ್ಲ. ಆಟಗಾರರು ಆಗಲೇ ಗಡಿಯಾರ, ನೀರಿನ ಬಾಟಲಿ ಹಿಡಿದು ಬಂದು ಸೇರುತ್ತಿದ್ದರು. ಕೈಮುಗಿದು ಕೇಳಿದರೂ ಸಿಗದ ಶಾಂತಿ ತಾನಾಗಿ ಬಂದು ಬಾಗಿಲಲ್ಲಿ ನಿಂತಿತ್ತು. ಈ ಸುಳ್ಳನ್ನು ನಾನು ಹೇಳಿದ್ದಲ್ಲ, ನಾನು ಬಿಡಿಸಲೂ ಬೇಕಿಲ್ಲ ಅಂದುಕೊಂಡೆ. ಅಪ್ಪನನ್ನು ರಟ್ಟೆ ಹಿಡಿದು ಎಬ್ಬಿಸಿ ಒಳಗೆ ಕರೆದುಕೊಂಡು ಹೋದೆ. "ಸುತ್ತು ಶುರು ಆಗ್ತೈತಿ, ಕೂಡು. ಇವತ್ತ ಡ್ರಾ ಮಾಡು, ಮುಗಸು" ಅಂದೆ.

ಅಷ್ಟು ಚೆಂದದ ಮೌನವನ್ನು ನಾನು ದೊಡ್ಡ ದೊಡ್ಡ ಹಾಲ್‌ಗಳಲ್ಲೂ ನೋಡಿಲ್ಲ. ಹೊರಗೆ ಗಲ್ಲಿಯವರು ಪಿಸುಮಾತಿನಲ್ಲಿ ಮಾತನಾಡುತ್ತಿದ್ದರು, ಮಕ್ಕಳನ್ನು ಗದರಿಸಿ ಸುಮ್ಮನಾಗಿಸುತ್ತಿದ್ದರು. ಮುರಗೂಡದ ಆಟಗಾರನೊಬ್ಬ ಬಂದು, "ಭಾಳ ಶಿಸ್ತಿನ ಊರ್ರಿ ನಿಮ್ದು" ಅಂತ ಹೊಗಳಿದ. ಎಲ್ಲರೂ ನೆಮ್ಮದಿಯಿಂದ ಆಡಿದರು, ಒಬ್ಬನನ್ನು ಬಿಟ್ಟು. ಅಪ್ಪ ಮೊದಲ ಸುತ್ತಿನಲ್ಲಿ ಆನೆ ಕಳೆದುಕೊಂಡು ಸೋತ. ಎರಡನೆಯದರಲ್ಲಿ ಎದುರಿಗೇ ಇದ್ದ ಚೆಕ್‌ಮೇಟ್ ಕಾಣದೆ ಸೋತ. ಮೂರನೆಯದರಲ್ಲಿ ಎರಡು ಬೆರಳು ಮೇಜು ಬಡಿಯಲು ಶುರುಮಾಡಿದವು. ಎದುರಿನವನು ಕೈ ಎತ್ತಿದ. ನಾನು ಹೋಗಿ ಎಚ್ಚರಿಕೆ ಕೊಟ್ಟೆ. ಅಪ್ಪ ನನ್ನ ಮುಖ ನೋಡಲಿಲ್ಲ. ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡ.

ಮಧ್ಯಾಹ್ನ ಎಲ್ಲರಿಗೂ ಪಿಠಲಾ ಅನ್ನ ಬಡಿಸಿದರು. ಬ್ರಾಂಕಾನ ಹೆಸರಿನಲ್ಲಿ ಬಂದ ಸಾವಿನ ಮನೆಯ ಅನ್ನವನ್ನು ಪರವೂರಿನ ಆಟಗಾರರು ಎರಡೆರಡು ಸಲ ಹಾಕಿಸಿಕೊಂಡು ಉಂಡರು, ಊಟದ ವ್ಯವಸ್ಥೆ ಚಲೋ ಇದೆ ಅಂತ ನನಗೆ ಹೇಳಿದರು. ಅಪ್ಪ ಉಣ್ಣಲಿಲ್ಲ. ನಾಲ್ಕನೇ ಸುತ್ತನ್ನೂ ಸೋತು ಹೊರಗೆ ಹೋದ.

ಉಳಿದದ್ದು ಒಂದೇ ಸುತ್ತು. ಅದರಲ್ಲಿ ಅವನ ಎದುರು ಗಡಹಿಂಗ್ಲಜದ ಪ್ರಣಾಲಿ, ಕಾಲೇಜಿಗೆ ಹೋಗುವ ಹುಡುಗಿ, ಗಟ್ಟಿ ಆಟಗಾರ್ತಿ. ಇದೂ ಹೋದರೆ ಅರವತ್ತೆಂಟು ವರ್ಷದ ಮನುಷ್ಯನಿಗೆ ಮತ್ತೆ ಇಂಥ ಅವಕಾಶ ಯಾವಾಗ. ಹುಡುಕಿಕೊಂಡು ಹೋದೆ. ನೀರಿನ ಟಾಕಿಯ ಹಿಂದೆ ಕೂತಿದ್ದ. ನನಗೆ ತಾಳ್ಮೆ ಮುಗಿದಿತ್ತು.

"ಮಂದಿ ಇಂಥಾ ಶಾಂತಿ ಬೇಕಂತ ಬೇಡ್ತಾರ. ನಿನಗ ಏನ ಆಗತೈತಿ ಅದರಾಗ? ಬ್ರಾಂಕಾಗ ಆತು ಅಂತ ನನಗೂ ಆಗಬೇಕು ಅಂತ ಹಟ ಹಿಡದಿಯೇನು?"

"ರೂಪಾ, ಈ ಗಲ್ಲ್ಯಾಗ ಮಗ್ಗ ಯಾವಾಗ ನಿಂದ್ರತಾವ ಹೇಳು" ಅಂದ ಅಪ್ಪ.

"ಯಾರರ ಹೋದ್ರ."

"ಈ ಕಿವಿಗೆ ಅಷ್ಟ ಗೊತ್ತು. ನಮ್ಮಪ್ಪ ಹೋದಾಗ ನಿಂತು, ನಮ್ಮವ್ವ ಹೋದಾಗ ನಿಂತು. ರಾಜೂನ ಸುದ್ದಿ ನನಗ ಯಾರೂ ಬಂದು ಹೇಳ್ಲಿಲ್ಲ. ನಾ ಹಣಮ್ಯಾನ ಕಾರಖಾನ್ಯಾಗ ಮಗ್ಗದ ಕೆಳಗ ಕುಂತು ಕೆಲಸಾ ಮಾಡಾಕತ್ತಿದ್ದೆ. ಒಂದೊಂದ ಮಗ್ಗ ನಿಲ್ಲಕೋತ ಬಂದೂ. ಯಾರು ಹೋಗ್ಯಾರ ಅಂತ ಕೇಳಬೇಕಂತ ಹೊರಗ ಬಂದ್ರ ಎಲ್ಲಾರೂ ನನ್ನ ಮಾರಿನ ನೋಡಾಕತ್ತಿದ್ರು." ಅಪ್ಪ ಮೂಗು ಒರೆಸಿಕೊಂಡ. "ನಿಮ್ಮ ಹಾಲಿನ್ಯಾಗ ಕುಂತ್ರ ಅದ ಆಗತೈತಿ. ಯಾರು ಹೋಗ್ಯಾರು, ಯಾರು ಹೋಗ್ಯಾರು ಅಂತ ಎದಿ ಹುಡಕಾಕ ಹತ್ತತೈತಿ. ಬೆರಳ ನಾ ಬೇಕಂತ ಬಡಿಯಂಗಿಲ್ಲವ್ವಾ. ಒಂದರ ಮಗ್ಗ ಓಡಾಕತ್ತೈತಿ ಅಂತ ಅನಸ್ಲಿ ಅಂತ."

ಇಷ್ಟು ವರ್ಷ ಈ ಮನುಷ್ಯ ಬ್ರಾಂಕಾ, ಬ್ರಾಂಕಾ ಅಂತ ನನ್ನ ತಲೆ ತಿನ್ನುವ ಬದಲು ಇದನ್ನು ಒಂದು ಸಲ ಹೇಳಿದ್ದರೆ ಏನಾಗುತ್ತಿತ್ತು. ನನಗೆ ಅವನ ಮೇಲೆ ವಿಪರೀತ ಸಿಟ್ಟು ಬಂತು, ಅಷ್ಟೇ ಅಳುವೂ ಬಂತು. ಎರಡನ್ನೂ ನುಂಗಿಕೊಂಡು ಹಣಮಂತಣ್ಣನ ಕಾರಖಾನೆಗೆ ಹೋದೆ.

ಅವನು ನಿಂತ ಮಗ್ಗಗಳ ನಡುವೆ ಸ್ಟೂಲ್ ಹಾಕಿಕೊಂಡು ಕೂತಿದ್ದ. ಎಲ್ಲವನ್ನೂ ಹೇಳಿದೆ. ಸತ್ತವನು ಪೋಲೆಂಡಿನ ಆಟಗಾರ, ಸತ್ತು ಎಂಬತ್ತು ವರ್ಷವಾಯಿತು, ಫ್ಲೆಕ್ಸ್ ತುಷಾರನ ತಪ್ಪು, ಬೆಳಿಗ್ಗೆಯಿಂದ ಹೇಳದೆ ಉಳಿದದ್ದು ನಾನು. ಬೈಸಿಕೊಳ್ಳಲು ಸಿದ್ಧಳಾಗಿ ನಿಂತೆ.

"ಎಂಬತ್ತ ವರ್ಷ" ಅಂದ ಹಣಮಂತಣ್ಣ. "ನಾ ಮುಂಜಾನಿಂದ ಬಾಯಾಗ ನೀರ ಹಾಕಿಲ್ಲ." "ಅವನೂ ಮಗ್ಗದವನ ಅಂದಿ?"

"ಹೌದು. ಅವರಪ್ಪ ನೇಕಾರ."

"ಅವ ಹೋದಾಗ ಅವರ ಗಲ್ಲ್ಯಾಗ ನಿಲ್ಲಿಸಿದ್ರೇನು?"

"ಎಲ್ಲಿ ಸತ್ತ ಅಂತನ ಯಾರಿಗೂ ಗೊತ್ತಿಲ್ಲ. ಯುದ್ಧ ಇತ್ತು."

"ಹಂಗಾರ ನಿಲ್ಲಿಸಿದ್ದು ಸುಳ್ಳ ಆಗಲಿಲ್ಲ ಬಿಡು. ತಡಾ ಆತು, ಅಷ್ಟ." ಎದ್ದು ನಿಂತ. "ಆದ್ರ ಚಾಲೂ ಮಾಡೂದು ನಾ ಅಲ್ಲ. ಫ್ಲೆಕ್ಸಿನ ಮ್ಯಾಲ ನಿಮ್ಮ ಮನೀ ಹೆಸರ ಐತಿ. ಮನಿ ಮಂದಿನ ಎಳೀಬೇಕು. ನೀ ಬಾ."

ಅತ್ತ ದರಿ, ಇತ್ತ ಪುಲಿ. ನಾನು ಪಂಚಳು. ಆಟಗಾರರಿಗೆ ಶಾಂತಿ ಕಾಯುವುದೇ ನನ್ನ ಕೆಲಸ, ಆ ಶಾಂತಿಯನ್ನು ನನ್ನ ಕೈಯಾರೆ ಒಡೆಯಬೇಕು. ಮಂದಿರಕ್ಕೆ ವಾಪಸು ಹೋಗಿ ಎಲ್ಲರ ಎದುರು ಹೇಳಿದೆ: ಈ ಜಾಗ ಮಗ್ಗದ ಗಲ್ಲಿ, ಕೊನೆಯ ಸುತ್ತಿಗೆ ಮಗ್ಗ ಓಡುತ್ತವೆ, ಸಪ್ಪಳ ಎಲ್ಲರಿಗೂ ಒಂದೇ, ಬೇಡ ಅನ್ನುವವರು ಈಗಲೇ ಹೇಳಿ, ಒಬ್ಬರು ಬೇಡ ಅಂದರೂ ಮಗ್ಗ ಓಡುವುದಿಲ್ಲ. ಮುರಗೂಡದವನು ಮುಖ ಕಿವಿಚಿದ. ಪ್ರಣಾಲಿ, "ನಮ್ಮನಿ ಬಸ್ ಸ್ಟ್ಯಾಂಡಿನ ಮುಂದ ಐತ್ರಿ, ನನಗೇನ ಆಗಂಗಿಲ್ಲ" ಅಂದಳು. ಉಳಿದವರು ಹತ್ತಿಗೆ ಕೈ ಚಾಚಿದರು. ಕಡೆಗೆ ಮುರಗೂಡದವನೂ ಒಂದು ತುಂಡು ಕಿತ್ತುಕೊಂಡ.

ಹ್ಯಾಂಡಲ್ ತಣ್ಣಗಿತ್ತು, ಎಣ್ಣೆಯಿಂದ ಜಾರುತ್ತಿತ್ತು. ಈ ಸಪ್ಪಳದಿಂದ ತಪ್ಪಿಸಿಕೊಳ್ಳಲೆಂದೇ ನಾನು ಕೊಲ್ಲಾಪುರದಲ್ಲಿ ಕೋಣೆ ಮಾಡಿಕೊಂಡವಳು. ಯಾರಿಗಾಗಿ ಎಳೆಯುತ್ತಿದ್ದೇನೆ ಅಂತ ನನಗೇ ಸ್ಪಷ್ಟವಿರಲಿಲ್ಲ. ಎಳೆದೆ. ಒಂದು ಮಗ್ಗ ಓಡಿತು. ಹಣಮಂತಣ್ಣ ಎರಡನೆಯದನ್ನು ಎಳೆದ, ಆಚೆಯ ಕಾರಖಾನೆಯಲ್ಲಿ ಇನ್ನೊಂದು ಎದ್ದಿತು, ನೋಡನೋಡುತ್ತಿದ್ದಂತೆ ಇಡೀ ಗಲ್ಲಿ ಖಟ್ ಖಟ್ ಅನ್ನತೊಡಗಿತು.

ವಾಪಸು ಬಂದಾಗ ಆಟ ಶುರುವಾಗಿತ್ತು, ಸಪ್ಪಳ ಕೇಳಿ ಅಪ್ಪನೂ ಒಳಗೆ ಬಂದು ಕೂತಿದ್ದ. ಅಪ್ಪನ ಕೈಗಳು ಮೇಜಿನ ಮೇಲೆ ಸುಮ್ಮನೆ ಇದ್ದವು. ಬೆವರಿಲ್ಲ, ಬಾಗಿಲ ಕಡೆ ನೋಟವಿಲ್ಲ. ಕಟ್ಟೆಯ ಮೇಲೆ ಆಡುವ ಅಪ್ಪ ಅವನು. ಪ್ರಣಾಲಿಯ ಒಂದೊಂದೇ ದಾರಿ ಮುಚ್ಚುತ್ತ ಬಂದ. ಅವಳು ಎರಡು ಸಲ ಗಡಿಯಾರ ನೋಡಿದಳು, ತುಟಿ ಕಚ್ಚಿದಳು, ಕಡೆಗೆ ಒಂದು ನಡೆ ಆಡಿ ಏನೋ ಕೇಳಿದಳು. ಆ ಸಪ್ಪಳದಲ್ಲಿ ಪಕ್ಕದಲ್ಲಿ ನಿಂತ ನನಗೇ ಕೇಳಿಸಲಿಲ್ಲ. ಆದರೆ ಮಗ್ಗದ ನಡುವೆ ಬದುಕಿದವರು ತುಟಿ ನೋಡಿಯೇ ಮಾತು ತಿಳಿಯುತ್ತಾರೆ. ಡ್ರಾ ಕೇಳುತ್ತಿದ್ದಾಳೆ ಅಂತ ಅಪ್ಪನಿಗೂ ತಿಳಿಯಿತು, ನನಗೂ ತಿಳಿಯಿತು.

ಇಷ್ಟು ವರ್ಷ ಬೇಡಿದ್ದು ತಟ್ಟೆಯಲ್ಲಿ ಬಂದು ಕೂತಿತ್ತು. ಹೂಂ ಅಂದರೆ ಸಾಕು. ಅಪ್ಪ ಬೋರ್ಡು ನೋಡಿದ, ಪ್ರಣಾಲಿಯನ್ನು ನೋಡಿದ, ನಕ್ಕ, ಬೇಡ ಅಂತ ತಲೆಯಾಡಿಸಿದ.

ಪಂಚಳು ಮಾತನಾಡಬಾರದು. ಮಾತನಾಡಬಹುದಿದ್ದರೆ ಆ ದಿನ ಗಲ್ಲಿಯ ಮಗ್ಗಗಳಿಗಿಂತ ಜೋರಾಗಿ ನಾನೇ ಕೂಗುತ್ತಿದ್ದೆ. ಅವನು ಆಡಿದ, ಆಡುತ್ತಲೇ ಹೋದ. ಸಮಯ ಇಳಿಯುತ್ತ ಬಂತು. ಗೆಲ್ಲುವ ಆಟದಲ್ಲಿ ಅವಸರಕ್ಕೆ ಕುದುರೆಯನ್ನು ತಪ್ಪು ಮನೆಯಲ್ಲಿ ಇಟ್ಟ. ಪ್ರಣಾಲಿ ಅದನ್ನು ತೆಗೆದುಕೊಂಡಳು. ಅಪ್ಪ ಸ್ವಲ್ಪ ಹೊತ್ತು ಖಾಲಿ ಮನೆಯನ್ನು ನೋಡಿ, ಕೈ ಚಾಚಿ ಅವಳ ಕೈ ಕುಲುಕಿ ಸೋಲೊಪ್ಪಿದ, ಸಹಿ ಹಾಕಿ ಎದ್ದ.

ನಾನು ಬಾಗಿಲಲ್ಲೇ ಹಿಡಿದೆ. "ಡ್ರಾ ಕೇಳಿದ್ಲು. ಅಷ್ಟ ಬೇಕಾಗಿತ್ತು ನಿನಗ. ನನ್ನ ಕೈಲೆ ಮಗ್ಗ ಎಳಿಸಿ, ಬ್ಯಾಡ ಅಂದಿ. ಯಾಕ?"

ಅಪ್ಪ ನನ್ನ ಅಂಗೈ ಬಿಡಿಸಿ ನೋಡಿದ. ಹ್ಯಾಂಡಲಿನ ಎಣ್ಣೆ ಇನ್ನೂ ಅಂಟಿಕೊಂಡಿತ್ತು. ಹೆಗಲ ಮೇಲಿನ ಟವೆಲ್ಲಿನಿಂದ ಅದನ್ನು ಒರೆಸುತ್ತ, ಸಪ್ಪಳದಲ್ಲಿ ನನಗೆ ಕಾಣುವಂತೆ ತುಟಿ ಬಿಡಿಸಿ ಹೇಳಿದ:

"ಬ್ರಾಂಕಾ ಸಾಹೇಬ ಡ್ರಾ ಯಾಕ ತಗೊಂಡ ಗೊತ್ತೇನು? ಅಲ್ಲಿಂದ ಎದ್ದ ಹೊರಗ ಬಂದ್ರ ಸಾಕಾಗಿತ್ತು ಅವಗ. ನಾನೂ ಇಷ್ಟ ದಿನಾ ಡ್ರಾ ಡ್ರಾ ಅಂದಿದ್ದು ಅದಕ್ಕ. ಇವತ್ತ ನನಗ ಎದ್ದ ಹೋಗೂ ಅವಸರ ಇರಲಿಲ್ಲವ್ವಾ. ಇನ್ನಷ್ಟ ಹೊತ್ತು ಕೂಡಬೇಕು ಅನಸ್ತು, ಕುಂತೆ."